ಪೂರ್ತಿ ಬಿಚ್ಚದೆ ಹಳೆ ಜೀಪ್ ಎಬ್ಬಿಸಿದ್ದು

ಮಾರಾಟಕ್ಕೆ ಬರುವ ಹಳೆ ಗಾಡಿಗಳಲ್ಲಿ ಒಂದು ಜಾತಿ ಇದೆ. ಚಾಸಿ ಒಂದು ಮೂಲೆಯಲ್ಲಿ, ಎಂಜಿನ್ ಇನ್ನೊಂದು ಮೂಲೆಯಲ್ಲಿ, ಉಳಿದದ್ದೆಲ್ಲ ಡಬ್ಬಗಳಲ್ಲಿ. "ಮುಕ್ಕಾಲು ಕೆಲಸ ಮುಗಿದಿದೆ, ಜೋಡಿಸಿದ್ರೆ ಆಯ್ತು" ಅಂತ ಮಾರುವವರು ಹೇಳುತ್ತಾರೆ. ನಾನು ಜೀಪ್ ಹುಡುಕುತ್ತಿದ್ದಾಗ ಇಂಥವನ್ನು ಸಾಕಷ್ಟು ನೋಡಿದೆ. ಯಾರೋ ಹುಮ್ಮಸ್ಸಿನಲ್ಲಿ ಎಲ್ಲ ಬಿಚ್ಚಿದ್ದಾರೆ, ಜೋಡಿಸುವ ಹೊತ್ತಿಗೆ ಹುಮ್ಮಸ್ಸು ಇಳಿದಿದೆ. ಹಾಗಾಗಿ ನನ್ನ ಗಾಡಿ ಸಿಕ್ಕಾಗ ಒಂದು ನಿಯಮ ಹಾಕಿಕೊಂಡೆ. ಒಂದು ಸಲಕ್ಕೆ ಒಂದೇ ಕೆಲಸ. ಅದು ಮುಗಿಯುವವರೆಗೆ ಬೇರೆ ಕಡೆ ಸ್ಪ್ಯಾನರ್ ಹಾಕುವಂತಿಲ್ಲ. ಹೀಗೆ ಮಾಡಿದರೆ ಕೆಲಸ ನಿಧಾನ, ಬಣ್ಣವೂ ಕಾರ್ಖಾನೆಯಿಂದ ಬಂದ ಹಾಗೆ ಇರುವುದಿಲ್ಲ. ಆದರೆ ಗಾಡಿ ಗಾಡಿಯಾಗಿಯೇ ಉಳಿಯುತ್ತದೆ. ಹೊಸಬರಿಗೆ ಅದೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ನನ್ನದು ವಿಲ್ಲೀಸ್ ಸಿಜೆ-3ಬಿ, 1953ರಲ್ಲಿ ಬಂದ ಮಾದರಿ. ಬಾನೆಟ್ ಎತ್ತರವಾಗಿ ಕಾಣುವ ಜೀಪ್ ನೋಡಿದ್ದೀರಲ್ವಾ, ಅದೇ. ಆ ಎತ್ತರ ಚಂದಕ್ಕೆ ಮಾಡಿದ್ದಲ್ಲ. ಅದಕ್ಕೂ ಹಿಂದಿನ ಜೀಪ್‌ಗಳಲ್ಲಿ ಎಂಜಿನ್‌ನ ಎಲ್ಲ ವಾಲ್ವ್‌ಗಳೂ ಕೆಳಗಿನ ಬ್ಲಾಕ್‌ನಲ್ಲೇ ಇದ್ದವು. ಇದರ ಹರಿಕೇನ್ ಎಂಜಿನ್‌ನಲ್ಲಿ ಇನ್‌ಟೇಕ್ ವಾಲ್ವ್‌ಗಳು ಮೇಲೆ ಹೆಡ್‌ಗೆ ಹೋದವು, ಎಕ್ಸಾಸ್ಟ್ ವಾಲ್ವ್‌ಗಳು ಕೆಳಗೇ ಉಳಿದವು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚುವ ಬಾನೆಟ್ಟೂ ಎತ್ತರವಾಯಿತು. 2.2 ಲೀಟರ್, ನಾಲ್ಕು ಸಿಲಿಂಡರ್, ಪೆಟ್ರೋಲ್. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಎಲ್ಲಿ ಬೇಕಾದರೂ ಕೈ ಹಾಕಲು ಜಾಗ. ಕಲಿಯಲು ಹೇಳಿ ಮಾಡಿಸಿದ ಗಾಡಿ.

ಮೊದಲು ಕೊಂಡದ್ದು ಎರಡೇ: ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಮತ್ತು ಇಂಚಿನ ಸ್ಪ್ಯಾನರ್ ಸೆಟ್. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಕೂಡ ಕೂರುತ್ತದೆ, ತುಕ್ಕು ಹಿಡಿದ ಬೋಲ್ಟ್ ಮೇಲೆ ಬಲ ಹಾಕಿದ ತಕ್ಷಣ ಜಾರಿ ತಲೆ ಉರುಟಾಗುತ್ತದೆ. ಹಳೆ ಬ್ರಿಟಿಷ್ ಗಾಡಿ ಆದರೆ ಕಥೆಯೇ ಬೇರೆ. ವಿಟ್‌ವರ್ತ್ ಸ್ಪ್ಯಾನರ್ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ತಲೆಯ ಅಗಲ ಅಲ್ಲ. ಹಾಗಾಗಿ ಇಂಚು ಇಂಚು ಅಂತ ಎಲ್ಲದಕ್ಕೂ ಒಂದೇ ಸೆಟ್ ಆಗುವುದಿಲ್ಲ.

ಎಂಜಿನ್ ಜಾಮ್ ಆಗಿತ್ತು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದು ಸಾಮಾನ್ಯ. ಸಿಲಿಂಡರ್‌ಗೆ ತೇವ ಇಳಿದು ಪಿಸ್ಟನ್ ಸುತ್ತಲಿನ ರಿಂಗ್‌ಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಇಲ್ಲಿ ಸೆಲ್ಫ್ ಹೊಡೆಯಬಾರದು, ಎಳೆದು ಗೇರ್‌ಗೆ ಹಾಕುವುದಂತೂ ಬೇಡವೇ ಬೇಡ. ರಿಂಗ್ ಮುರಿಯಬಹುದು, ಪಿಸ್ಟನ್ ಹಿಡಿದಿರುವ ರಾಡ್ ಬಾಗಬಹುದು. ನಾನು ನಾಲ್ಕೂ ಪ್ಲಗ್ ತೆಗೆದು, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ ಪ್ರತಿ ತೂತಿಗೂ ಸ್ವಲ್ಪ ಸ್ವಲ್ಪ ಸುರಿದೆ. ಈ ಮಿಶ್ರಣ ಬೇಗ ಬೇರೆಯಾಗುತ್ತದೆ, ಸುರಿಯುವ ಮುಂಚೆ ಅಲ್ಲಾಡಿಸಬೇಕು. ಅಸಿಟೋನ್‌ಗೆ ಬೆಂಕಿ ಸುಲಭವಾಗಿ ಹತ್ತುತ್ತದೆ ಅನ್ನುವುದೂ ನೆನಪಿರಲಿ. ಆಮೇಲೆ ಕಾಯುವುದೇ ಕೆಲಸ. ಮುಂದೆ ಹ್ಯಾಂಡಲ್ ಹಾಕಿ ದಿನಾ ಒಂದು ಸಲ ಆ ಕಡೆ ಈ ಕಡೆ ಒತ್ತಿ ನೋಡುತ್ತಿದ್ದೆ. ಜೋರು ಮಾಡಲಿಲ್ಲ. ಒಂದು ದಿನ ಕೂದಲೆಳೆಯಷ್ಟು ಅಲುಗಿತು. ಅಷ್ಟು ಅಲುಗಿದ ಮೇಲೆ ಉಳಿದದ್ದು ತಾಳ್ಮೆ ಅಷ್ಟೇ.

ಪೂರ್ತಿ ತಿರುಗಲು ಶುರುವಾದ ಮೇಲೆ ಹಳೆ ಎಣ್ಣೆ ತೆಗೆದು ಹೊಸದು ಹಾಕಿದೆ. ಪ್ಲಗ್ ಇಲ್ಲದೆಯೇ ಸೆಲ್ಫ್‌ನಲ್ಲಿ ತಿರುಗಿಸಿ, ಆಯಿಲ್ ಪ್ರೆಷರ್ ಮುಳ್ಳು ಮೇಲೇಳುವುದನ್ನು ಕಾದೆ. ಒಣಗಿದ ಬೇರಿಂಗ್‌ಗಳಿಗೆ ಎಣ್ಣೆ ಮುಟ್ಟದೆ ಸ್ಟಾರ್ಟ್ ಮಾಡುವುದು ಎಂಜಿನ್‌ಗೆ ಮಾಡುವ ದ್ರೋಹ. ನಂತರ ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರ್ ಒಳಗೆ ಎಷ್ಟು ಒತ್ತಡ ಏಳುತ್ತದೆ ಅಂತ ನೋಡಿದೆ. ಎಲ್ಲ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿ ಫುಲ್ ಚಾರ್ಜ್ ಇರಬೇಕು. ಇಲ್ಲಿ ಅಂಕಿ ಎಷ್ಟು ಬಂತು ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಒಂದೇ ಕಡಿಮೆ ಇದ್ದರೆ ಅದಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ನೋಡಬೇಕು. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ನನ್ನದರಲ್ಲಿ ಮೂರನೆಯದು ಕಡಿಮೆ ಇತ್ತು, ಎಣ್ಣೆ ಹಾಕಿದಾಗ ಏರಿತು. "ಹೆಡ್ ಬಿಚ್ಚು, ಪಿಸ್ಟನ್ ತೆಗಿ" ಅಂತ ಸಲಹೆ ಕೊಟ್ಟವರು ಜಾಸ್ತಿ. ನಾನು ಕೈ ಹಾಕಲಿಲ್ಲ. ನಿಂತ ಎಂಜಿನ್‌ನಲ್ಲಿ ಅಂಟಿದ ರಿಂಗ್ ಎಷ್ಟೋ ಸಲ ಓಡುತ್ತಾ ಓಡುತ್ತಾ ತಾನೇ ಬಿಡಿಸಿಕೊಳ್ಳುತ್ತದೆ. ಇದರಲ್ಲೂ ಹಾಗೇ ಆಯಿತು.

ಕಿಡಿಯ ಕೆಲಸ ಸುಲಭ. ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಮೇಲೆ ಕೂತ ಕಿಲುಬು ಉಜ್ಜಿ, ಗ್ಯಾಪ್ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಇಟ್ಟೆ. ಕಂಡೆನ್ಸರ್ ಹೊಸದು. ಪ್ಲಗ್ ವೈರ್‌ಗಳು 1-3-4-2 ಕ್ರಮದಲ್ಲಿ. ಪೆಟ್ರೋಲ್ ಟ್ಯಾಂಕ್ ಒಳಗೆ ಹಳೆ ಪೆಟ್ರೋಲ್ ಅಂಟು ವಾರ್ನಿಷ್ ಆಗಿತ್ತು, ಅದನ್ನು ಆಗ ಮುಟ್ಟಲಿಲ್ಲ. ಬೇರೆ ಕ್ಯಾನ್‌ನಿಂದ ಪೈಪ್ ಕೊಟ್ಟೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೆ. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಎಲ್ಲ ಬದಲಿಸಿದೆ. ಇವತ್ತಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ಆ ಕಾಲದ ರಬ್ಬರನ್ನು ತಿಂದುಹಾಕುತ್ತದೆ. ಎಥನಾಲ್ ತಡೆಯುವ ಪೈಪ್ ಅಂತ ಕೇಳಿಯೇ ತರಬೇಕು. ಇನ್ನೊಂದು ಮಾತು: ಖಾಲಿ ಟ್ಯಾಂಕ್‌ಗೆ ವೆಲ್ಡಿಂಗ್ ಮಾಡಲು ಹೋಗಬೇಡಿ. ಪೆಟ್ರೋಲ್‌ಗಿಂತ ಒಳಗೆ ಉಳಿದ ಅದರ ಆವಿಯೇ ಸಿಡಿಯುವುದು.

ಎಂಜಿನ್ ಓಡಿತು. ಆದರೆ ಬ್ರೇಕ್ ಮುಗಿಯುವವರೆಗೆ ಗಾಡಿಯನ್ನು ಇದ್ದ ಜಾಗದಿಂದ ಒಂದಡಿಯೂ ಕದಲಿಸಲಿಲ್ಲ. ಈ ಗಾಡಿಗಳಲ್ಲಿ ಬ್ರೇಕ್‌ಗೆ ಇರುವುದು ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು, ಪೆಡಲ್ ಸೀದಾ ತಳಕ್ಕೆ. ಈಗಿನ ಗಾಡಿಗಳಲ್ಲಿ ಎರಡು ಸರ್ಕ್ಯೂಟ್ ಇರುವುದರಿಂದ ನಮಗೆ ಆ ಭಯ ಮರೆತೇ ಹೋಗಿದೆ. ಹಾಗಾಗಿ "ಇದು ನಡೆಯುತ್ತೆ ಬಿಡು" ಅನ್ನುವ ಮಾತನ್ನು ಇಲ್ಲಿ ನಾನು ಕೇಳಿಸಿಕೊಳ್ಳುವುದಿಲ್ಲ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸ್, ಉಕ್ಕಿನ ಪೈಪ್, ಎಲ್ಲ ಹೊಸದು.

ಚಕ್ರ ಬಿಚ್ಚುವಾಗ ಒಂದು ವಿಷಯ ಗೊತ್ತಿರಲಿ. ಈ ಜೀಪ್‌ಗಳಲ್ಲಿ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತವೆ. ಗೊತ್ತಿಲ್ಲದವರು ಉದ್ದ ಪೈಪ್ ಹಾಕಿ ಇನ್ನಷ್ಟು ಬಿಗಿ ಮಾಡಿ ಸ್ಟಡ್ ಮುರಿಯುತ್ತಾರೆ. ಗಾಡಿಯನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಲೇಬೇಕು. ಡ್ರಮ್ ಒಳಗಿನ ಧೂಳನ್ನು ಗಾಳಿಯಿಂದ ಊದಬಾರದು. ಹಳೆ ಲೈನಿಂಗ್‌ನಲ್ಲಿ ಕಲ್ನಾರು ಇರುತ್ತಿತ್ತು, ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಕುತ್ತು. ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ಹಾಕಿದೆ. ಬ್ರೇಕ್ ಆಯಿಲ್ ವಿಷಯಕ್ಕೆ ಬಂದರೆ, ಡಾಟ್ 3, ಡಾಟ್ 4 ಗಾಳಿಯಲ್ಲಿನ ತೇವ ಹೀರುತ್ತವೆ. ಸದಾ ನಿಂತಿರುವ ಗಾಡಿಯಲ್ಲಿ ಆ ತೇವವೇ ಸಿಲಿಂಡರ್‌ಗೆ ತುಕ್ಕು ತರುತ್ತದೆ, ಕಾಲಕಾಲಕ್ಕೆ ಬದಲಿಸಬೇಕು. ಡಾಟ್ 5 ಸಿಲಿಕಾನ್, ಅದನ್ನು ಡಾಟ್ 3, ಡಾಟ್ 4ರ ಜೊತೆ ಬೆರೆಸುವಂತಿಲ್ಲ.

ಹೀಗೇ ಹಳೆ ಲಾರಿ ಕೆಲಸ ಹಿಡಿದಿರುವ ಗೆಳೆಯರೊಬ್ಬರಿಗೆ ನಾನು ಹೇಳುವುದು ಇನ್ನೂ ಒಂದಿದೆ. ಹಳೆ ಲಾರಿಗಳ ಚಕ್ರದ ಡಿಸ್ಕ್ ಎರಡು ಮೂರು ತುಂಡುಗಳದ್ದು, ಟೈರನ್ನು ಹಿಡಿದಿರುವುದು ಒಂದು ಉಕ್ಕಿನ ರಿಂಗ್. ತುಕ್ಕು ಹಿಡಿದ ರಿಂಗ್ ಗಾಳಿ ತುಂಬುವಾಗ ಚಿಮ್ಮಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಚಕ್ರವನ್ನು ಪಂಜರದೊಳಗಿಟ್ಟು ಗಾಳಿ ತುಂಬುವವರ ಹತ್ತಿರವೇ ಒಯ್ಯಬೇಕು. ಎಲ್ಲವನ್ನೂ ನಾವೇ ಮಾಡಬೇಕು ಅನ್ನುವ ಹಟ ಇಲ್ಲಿ ಬೇಡ.

ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿದೆ. ಬಟ್ಟೆ ಸುತ್ತಿದ ಹಳೆ ವೈರ್ ಮುಟ್ಟಿದರೆ ಉದುರುತ್ತಿತ್ತು. ನನ್ನದು 6 ವೋಲ್ಟ್‌ನ ಗಾಡಿ. ಅಷ್ಟೇ ವ್ಯಾಟ್‌ನ ಬಲ್ಬಿಗೆ 12 ವೋಲ್ಟ್ ಗಾಡಿಗಿಂತ ದುಪ್ಪಟ್ಟು ಕರೆಂಟ್ ಬೇಕು, ಹಾಗಾಗಿ ವೈರೂ ದಪ್ಪ ಇರಬೇಕು. 6 ವೋಲ್ಟ್ ಗಾಡಿಗಳ ಲೈಟು ಮಂಕು ಅಂತ ಬೈಯುವವರು ಮೊದಲು ಅರ್ತಿಂಗ್ ಉಜ್ಜಿ ನೋಡಲಿ.

ಬಾಡಿ ಕೊನೆಗೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿದರೆ ತೂರಿ ಹೋಗುವ ಕಡೆ ತಗಡು ಕತ್ತರಿಸಿ ಹೊಸದು ಕೂರಿಸಿದೆ. ಉದ್ದಕ್ಕೆ ವೆಲ್ಡ್ ಎಳೆದರೆ ತಗಡು ಕಾದು ಸೊಟ್ಟ ಆಗುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು, ಆರಲು ಬಿಟ್ಟು ಮತ್ತೆ ನಡುವೆ ಒಂದು. ಸಣ್ಣ ಭಾಗಗಳ ತುಕ್ಕನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್‌ನಿಂದ ತೆಗೆದೆ. ಮೈನಸ್ ತುಕ್ಕಿನ ಭಾಗಕ್ಕೆ, ಪ್ಲಸ್ ಹಳೆ ಕಬ್ಬಿಣದ ತುಂಡಿಗೆ. ಸ್ಟೇನ್‌ಲೆಸ್ ಹಾಕಿದರೆ ನೀರಿಗೆ ವಿಷದ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಬರುವುದರಿಂದ ಗಾಳಿ ಆಡುವ ಕಡೆ ಮಾಡಬೇಕು. ಪೇಂಟ್ ಮಾತ್ರ ಬಲ್ಲವರಿಗೆ ಕೊಟ್ಟೆ.

ಮುಂದಿನ ಕೆಲಸ ಗೇರ್‌ಬಾಕ್ಸ್. ಮೂರು ಗೇರ್, ಫಸ್ಟ್‌ಗೆ ಸಿಂಕ್ರೋ (ಓಡುವಾಗ ಗೇರ್‌ಗಳ ವೇಗ ಹೊಂದಿಸುವ ಭಾಗ) ಇಲ್ಲ, ನಿಂತ ಮೇಲೇ ಹಾಕಬೇಕು. ಉಳಿದವುಗಳ ಸಿಂಕ್ರೋ ರಿಂಗ್ ಹಿತ್ತಾಳೆಯದು. ಜಿಎಲ್-5 ದರ್ಜೆಯ ಗೇರ್ ಎಣ್ಣೆಯಲ್ಲಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಹುದು ಅಂತ ಜಿಎಲ್-4 ತಂದಿಟ್ಟಿದ್ದೇನೆ. ಸೀಲ್‌ಗಳು ಬಂದ ಮೇಲೆ ಕೆಳಗಿಳಿಸುವುದು, ಅಲ್ಲಿಯವರೆಗೆ ಜೀಪ್ ಓಡಾಡಿಕೊಂಡಿರಲಿ.