ಹ್ಯಾಮಕ್ಕಿನ ಕೆಳಗೆ ಬೆಚ್ಚನೆಯ ಪದರ: ಅಡಿಹೊದಿಕೆಯನ್ನು ಮನೆಯಲ್ಲೇ ಹೊಲಿಯುವ ಬಗೆ

ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆಯಾದ ಹ್ಯಾಮಕ್ಕಿನಲ್ಲಿ ಮಲಗಿದವರನ್ನು ಚಳಿ ಮೊದಲು ಹಿಡಿಯುವುದು ಬೆನ್ನಿನಲ್ಲಿ. ಒಳ್ಳೆಯ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಕೊಂಡಿದ್ದರೂ ಮೈಭಾರಕ್ಕೆ ಅದರ ಅಡಿಭಾಗ ಚಪ್ಪಟೆಯಾಗುತ್ತದೆ, ನಾರಿನ ನಡುವೆ ಅಲುಗಾಡದೆ ನಿಂತು ಮೈಯನ್ನು ಬೆಚ್ಚಗಿಡಬೇಕಾದ ಗಾಳಿ ಹೊರಟುಹೋಗುತ್ತದೆ, ಕೆಳಗೆ ಬೀಸುವ ಗಾಳಿ ತೆಳುವಾದ ಬಟ್ಟೆಯ ಮೂಲಕ ನೇರವಾಗಿ ಬೆನ್ನಿನ ಶಾಖವನ್ನು ಒಯ್ಯುತ್ತದೆ. ಗೋವಾದ ಕಡಲತೀರದಲ್ಲಿ ಇದು ಸಣ್ಣ ಕಿರಿಕಿರಿಯಷ್ಟೆ. ಆದರೆ ಡಿಸೆಂಬರ್–ಜನವರಿಯ ಕೆಲವು ರಾತ್ರಿ ಪುಣೆ ನಗರದಲ್ಲೇ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ. ಪುಣೆ ಬಳಿಯ ಪವನಾ ಜಲಾಶಯದ ಸುತ್ತಲಿನ ತಗ್ಗಿನಲ್ಲಿ ಇಳಿಜಾರುಗಳಿಂದ ತಣ್ಣನೆಯ ಗಾಳಿ ಹರಿದುಬಂದು ನಿಲ್ಲುವುದರಿಂದ ಬೆಳಗಿನ ಜಾವಕ್ಕೆ ನಿದ್ದೆ ಸಾಧ್ಯವಾಗದಷ್ಟು ಚಳಿಯಿರುತ್ತದೆ.

ಇದಕ್ಕೆ ಪರಿಹಾರವೆಂದರೆ ಹೊದಿಕೆಯನ್ನು ಹ್ಯಾಮಕ್ಕಿನ ಒಳಗೆ ಹಾಸದೆ ಹೊರಗಡೆ, ಅದರ ಅಡಿಗೆ ಅಂಟಿಕೊಳ್ಳುವಂತೆ ತೂಗುಹಾಕುವುದು. ಅಲ್ಲಿ ಅದರ ಮೇಲೆ ಮೈಭಾರ ಬೀಳುವುದಿಲ್ಲ, ಉಬ್ಬು ಹಾಗೆಯೇ ಉಳಿಯುತ್ತದೆ. ಇಲ್ಲಿ ವಿವರಿಸುವುದು ಎರಡು ಪದರದ ಅಡಿಹೊದಿಕೆ. ಕೊಂಕಣದ ಬೆಚ್ಚನೆಯ ರಾತ್ರಿಗೆ ಒಳಪದರವೊಂದೇ ಸಾಕು. ಘಟ್ಟದ ಮೇಲಿನ 10–12 ಡಿಗ್ರಿಯ ರಾತ್ರಿಗೆ ಹೊರಪದರವನ್ನೂ ಸೇರಿಸಿಕೊಳ್ಳಬೇಕು. ಒಂದೇ ದಪ್ಪನೆಯ ಹೊದಿಕೆ ಹೊಲಿಯುವುದಕ್ಕಿಂತ ನಮ್ಮ ಹವಾಮಾನಕ್ಕೆ ಈ ಕ್ರಮವೇ ಹೆಚ್ಚು ಹೊಂದುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ.

ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಮನೆಗಳಲ್ಲಿ ಹಳೆಯ ಸೀರೆಗಳ ಕೌದಿ ಇದ್ದೇ ಇರುತ್ತದೆ, ಅದನ್ನೇ ಕೆಳಗೆ ಕಟ್ಟಿದರಾಗದೆ ಎಂಬ ಪ್ರಶ್ನೆಯೂ ಸಹಜ. ಆಗದು. ಹತ್ತಿಬಟ್ಟೆ ಇಬ್ಬನಿಯನ್ನು ಹೀರಿ ಭಾರವಾಗುತ್ತದೆ, ಬೇಗ ಒಣಗುವುದೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಕೌದಿಯ ಚೆಲುವೆಲ್ಲ ಇರುವ ಆ ಒತ್ತೊತ್ತಾದ ಟಾಕುಗಳು ಪದರಗಳನ್ನು ಒಂದಕ್ಕೊಂದು ಬಿಗಿದು ನಡುವಿನ ಗಾಳಿಗೆ ಜಾಗವನ್ನೇ ಬಿಡುವುದಿಲ್ಲ. ನೆಲದ ಮೇಲೆ ಹಾಸಲು ಬೇಕಾದ ಗಟ್ಟಿತನ ಅದು. ಅಡಿಹೊದಿಕೆಗೆ ಬೇಕಾದುದು ಅದಕ್ಕೆ ತೀರ ವಿರುದ್ಧವಾದ ಗುಣ.

ಸಾಮಗ್ರಿ

ಬಟ್ಟೆಗೆ ಪುಣೆಯವರು ಲಕ್ಷ್ಮೀ ರಸ್ತೆ ಅಥವಾ ರವಿವಾರ ಪೇಠೆಯ ಅಂಗಡಿಗಳಲ್ಲಿ, ಮುಂಬಯಿಯವರು ಮಂಗಲದಾಸ್ ಮಾರುಕಟ್ಟೆಯಲ್ಲಿ, ಜಾಕೆಟ್ಟಿನ ಲೈನಿಂಗಿಗೆ ಬಳಸುವ ಪಾಲಿಯೆಸ್ಟರ್ ಟಫೇಟಾ ಅಥವಾ ತೆಳುವಾದ ನೈಲಾನ್ ಕೇಳಬೇಕು. 58 ಇಂಚು ಪನ್ನೆಯದಾದರೆ, ಅಂದರೆ ಬಟ್ಟೆಯ ಅಗಲ ಅಷ್ಟಿದ್ದರೆ, ಆರೂವರೆ ಮೀಟರ್ ಸಾಕು. ಛತ್ರಿ ಮತ್ತು ರೇನ್‌ಕೋಟಿನ ಬಟ್ಟೆಯಂತೆ ಒಳಮೈಗೆ ಲೇಪನವಿರುವುದು ಬೇಡ. ಮೈಯಿಂದ ಹೊರಡುವ ಆವಿ ಅದನ್ನು ದಾಟಲಾರದೆ ಒಳಗೇ ನೀರಾಗಿ ನಾರನ್ನು ತೋಯಿಸುತ್ತದೆ. ಬಟ್ಟೆಯನ್ನು ತುಟಿಗೆ ಒತ್ತಿ ಊದಿ ನೋಡಿದರೆ ತಿಳಿಯುತ್ತದೆ: ಉಸಿರು ಕಷ್ಟಪಟ್ಟು ಸ್ವಲ್ಪವೇ ದಾಟಬೇಕು. ಸಲೀಸಾಗಿ ದಾಟಿದರೆ ಅದು ಗಾಳಿಯನ್ನು ತಡೆಯುವುದಿಲ್ಲ, ಸ್ವಲ್ಪವೂ ದಾಟದಿದ್ದರೆ ಲೇಪನವಿದೆಯೆಂದು ಅರ್ಥ.

ತುಂಬಲು ಗಾದಿ ಅಂಗಡಿಗಳಲ್ಲಿ ಹಾಳೆಯಾಗಿ ಸಿಗುವ ಪಾಲಿಯೆಸ್ಟರ್ ವ್ಯಾಡಿಂಗ್ ಬೇಕು: 100 ಜಿಎಸ್‌ಎಮ್, ಅಂದರೆ ಚದರ ಮೀಟರಿಗೆ 100 ಗ್ರಾಂ ತೂಗುವ, ಸುಮಾರು 2 ಸೆಂಟಿಮೀಟರ್ ಉಬ್ಬಿರುವ ಹಾಳೆ. ದಿಂಬಿಗೆ ತುಂಬುವ ಬಿಡಿ ನಾರು ಒಂದೆಡೆ ಗುಪ್ಪೆಯಾಗುವುದರಿಂದ ಪ್ರಯೋಜನವಿಲ್ಲ. 3 ಮಿಲಿಮೀಟರಿನ ದುಂಡನೆಯ ಎಲಾಸ್ಟಿಕ್ ಹಗ್ಗ, ತೆಳು ನೈಲಾನ್ ದಾರ, ದಾರ ಬಿಗಿಹಿಡಿಯುವ ಪ್ಲಾಸ್ಟಿಕ್ ಗುಂಡಿ, ಟಿಚ್ ಬಟನ್, ಪಾಲಿಯೆಸ್ಟರ್ ನೂಲು ಇವಿಷ್ಟು ಉಳಿದದ್ದು; ಹಗ್ಗ ಮತ್ತು ಕೊಕ್ಕೆಗಳಿಗೆ ಪುಣೆಯ ಬೋಹ್ರಿ ಆಳಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಅಳತೆ ಮತ್ತು ಕತ್ತರಿಕೆ

ಹೆಗಲಿನಿಂದ ಮೀನಖಂಡದವರೆಗೆ ಮುಚ್ಚಲು 150 ಸೆಂಟಿಮೀಟರ್ ಉದ್ದ ಸಾಕಾಗುತ್ತದೆ. ಎಚ್ಚರ ಬೇಕಾದುದು ಅಗಲದಲ್ಲಿ. ಹೊದಿಕೆ ಮೈಯ ಕೆಳಗೆ ಕಮಾನಾಗಿ ಬಾಗುವಾಗ ಹೊರಮೈ ಒಳಮೈಗಿಂತ ಹೆಚ್ಚು ದೂರ ಸುತ್ತಬೇಕಾಗುತ್ತದೆ. ಎರಡೂ ಬಟ್ಟೆ ಒಂದೇ ಅಗಲವಿದ್ದರೆ ಹೊರಗಿನದು ಬಿಗಿದು ನಾರನ್ನು ಅಮುಕುತ್ತದೆ. ಅರ್ಧವೃತ್ತದ ಲೆಕ್ಕದಲ್ಲಿ ಈ ವ್ಯತ್ಯಾಸ ದಪ್ಪದ ಮೂರು ಪಟ್ಟಿಗಿಂತ ತುಸು ಹೆಚ್ಚು, ಅಂದರೆ 2 ಸೆಂಟಿಮೀಟರ್ ಉಬ್ಬಿಗೆ ಸುಮಾರು 6 ಸೆಂಟಿಮೀಟರ್. ಆದ್ದರಿಂದ ಒಳಪದರದ ಒಳಬಟ್ಟೆ 116, ಹೊರಬಟ್ಟೆ 122. ಹೊರಪದರದ ಒಳಬಟ್ಟೆ 122, ಹೊರಬಟ್ಟೆ 128 ಸೆಂಟಿಮೀಟರ್ ಅಗಲವಿರಲಿ. ಇವು ಹೊಲಿದ ಮೇಲಿನ ಅಳತೆಗಳು. ಕತ್ತರಿಸುವಾಗ ಉದ್ದ ಅಗಲ ಎರಡಕ್ಕೂ 3 ಸೆಂಟಿಮೀಟರ್ ಸೇರಿಸಬೇಕು. ವ್ಯಾಡಿಂಗನ್ನು ಆಯಾ ಪದರದ ಹೊರಬಟ್ಟೆಯ ಅಳತೆಗೇ ಕತ್ತರಿಸುವುದು. ಪನ್ನೆಯಲ್ಲಿ ಉಳಿದ ಪಟ್ಟಿಗಳನ್ನು ಎಸೆಯಬಾರದು, ದಾರ ತೂರಿಸುವ ನೇಫಾಕ್ಕೆ ಅವೇ ಬೇಕು. ಕತ್ತರಿಸಿದ ಅಂಚು ಎಳೆ ಬಿಡದಂತೆ ಊದುಬತ್ತಿಯ ಕೆಂಡವನ್ನು ಅಂಚಿಗೆ ಸೋಕಿಸುತ್ತ ಸಾಗಿದರೆ ಬಟ್ಟೆ ತುಸುವೇ ಕರಗಿ ಅಂಟಿಕೊಳ್ಳುತ್ತದೆ, ವ್ಯಾಡಿಂಗ್ ಹತ್ತಿರದಲ್ಲಿರಬಾರದು.

ಹೊಲಿಗೆ

ಮೊದಲು ಹೊರಬಟ್ಟೆಯ ಎರಡೂ ಗಿಡ್ಡ ಅಂಚುಗಳ ನಡುಭಾಗದಲ್ಲಿ ತಲಾ 2 ಸೆಂಟಿಮೀಟರ್ ಎಳೆದುಕೊಳ್ಳುವ ಮೂರು ನೆರಿಗೆ ಹಿಡಿಯಬೇಕು. ಹೆಚ್ಚುವರಿ 6 ಸೆಂಟಿಮೀಟರ್ ಅಲ್ಲಿ ಅಡಗಿ, ಅಂಚು ಒಳಬಟ್ಟೆಯ ಅಳತೆಗೆ ಸರಿಹೋಗುತ್ತದೆ. ನಂತರ ಹೊರಬಟ್ಟೆಯ ಹಿಂಬದಿಗೆ ವ್ಯಾಡಿಂಗ್ ಹರಡಿ, ಅಡಿಗೊಂದರಂತೆ ಕೈಹೊಲಿಗೆಯ ಸಡಿಲ ಗಂಟು ಹಾಕಬೇಕು. ಈ ಗಂಟುಗಳು ಒಳಬಟ್ಟೆಯನ್ನು ಮುಟ್ಟಬಾರದು. ಕೌದಿ ಹೊಲಿದು ಪಳಗಿದ ಕೈಗಳು ಸಾಲುಸಾಲಾಗಿ ಟಾಕು ಹಾಕಲು ಹವಣಿಸುತ್ತವೆ, ಅದನ್ನು ತಡೆಯಬೇಕು. ಎರಡೂ ಬಟ್ಟೆಗಳನ್ನು ಸೇರಿಸಿ ಹಾಕಿದ ಪ್ರತಿಯೊಂದು ಸಾಲೂ ಚಳಿ ನುಗ್ಗುವ ಗೆರೆಯಾಗುತ್ತದೆ.

ಈಗ ಒಳಬಟ್ಟೆಯನ್ನೂ ಹೊರಬಟ್ಟೆಯನ್ನೂ ಮುಂಬದಿಗಳು ಎದುರುಬದುರಾಗುವಂತೆ ಜೋಡಿಸಿದರೆ ವ್ಯಾಡಿಂಗ್ ಎಲ್ಲಕ್ಕಿಂತ ಮೇಲೆ ಬರುತ್ತದೆ. ಅದು ಮಷಿನಿನ ಪಾದಕ್ಕೆ ಸಿಕ್ಕಿಕೊಳ್ಳದಿರಲು ಮೇಲೊಂದು ತೆಳು ಕಾಗದದ ಪಟ್ಟಿಯಿಟ್ಟು ಹೊಲಿದು, ಆಮೇಲೆ ಹರಿದು ತೆಗೆಯಬಹುದು. ಟಾಕು 3 ಮಿಲಿಮೀಟರ್ ಇರಲಿ, ಸೂಜಿ ತೆಳುವಾಗಿರಲಿ; ಗುಂಡುಸೂಜಿಯ ತೂತುಗಳು ಈ ಬಟ್ಟೆಯಲ್ಲಿ ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ವಾಸಿ. ಗಿಡ್ಡ ಅಂಚೊಂದರಲ್ಲಿ 40 ಸೆಂಟಿಮೀಟರ್ ಬಿಟ್ಟು ಸುತ್ತಲೂ ಹೊಲಿದು, ಅಂಚಿನ ಹೆಚ್ಚುವರಿ ವ್ಯಾಡಿಂಗ್ ಕತ್ತರಿಸಿ, ಒಳಗಿನದು ಹೊರಕ್ಕೆ ಬರುವಂತೆ ಮಗುಚಿ, ಬಾಯನ್ನು ಹೊಲಿದುಬಿಡಬೇಕು. ಎರಡನೆಯ ಪದರಕ್ಕೂ ಇದೇ ಕ್ರಮ.

6 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಮಡಚಿ ಒಳಪದರದ ನಾಲ್ಕೂ ಅಂಚಿಗೆ, ಹೊರಪದರದ ಗಿಡ್ಡ ಅಂಚುಗಳಿಗೆ ಮಾತ್ರ, ನೇಫಾ ಹೊಲಿಯುವುದು. ಉದ್ದದ ನೇಫಾಗಳಲ್ಲಿ ಎಲಾಸ್ಟಿಕ್ ಹಗ್ಗ ತೂರಿಸಿ, ನಾಲ್ಕು ಮೂಲೆಗಳಲ್ಲಿ ಮುಕ್ಕಾಲು ಮೀಟರಿನಷ್ಟು ಹೊರಗೆ ಬಿಡಬೇಕು. ಗಿಡ್ಡ ನೇಫಾಗಳಲ್ಲಿ ನೈಲಾನ್ ದಾರ ಮತ್ತು ಬಿಗಿಯುವ ಗುಂಡಿ. ಎರಡು ಪದರಗಳನ್ನು ಸೇರಿಸುವ ಟಿಚ್ ಬಟನ್‌ಗಳನ್ನು ಉದ್ದದ ಅಂಚುಗಳಲ್ಲಿ ಅಡಿಗೊಂದರಂತೆ, ಸಣ್ಣ ಟೇಪಿನ ತುಂಡುಗಳ ಮೇಲೆ ಕೂರಿಸಬೇಕು. ಟಫೇಟಾ ಚದರ ಮೀಟರಿಗೆ 60 ಗ್ರಾಮಿನದಾದರೆ ಒಂದೊಂದು ಪದರ 400 ಗ್ರಾಂ ಆಸುಪಾಸಿನಲ್ಲಿರುತ್ತದೆ, ಎಲ್ಲ ಸೇರಿ ಒಂದು ಕಿಲೋ ಮೀರುವುದಿಲ್ಲ.

ಕಟ್ಟುವ ಕ್ರಮ

ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಕಟ್ಟುವುದರಲ್ಲಿ ತಪ್ಪಿದರೆ ಎಲ್ಲವೂ ವ್ಯರ್ಥ. ಮರಕ್ಕೆ ಹಗ್ಗ ಸುತ್ತದೆ, ತೊಗಟೆ ಕತ್ತರಿಸದ ಒಂದಿಂಚಿಗಿಂತ ಅಗಲದ ಪಟ್ಟಿ ಬಳಸಿ, ಅದು ನೆಲಮಟ್ಟಕ್ಕೆ ಸುಮಾರು 30 ಡಿಗ್ರಿ ಓರೆಯಾಗುವಂತೆ ಹ್ಯಾಮಕ್ ಕಟ್ಟಬೇಕು. ತಲೆಯ ಕಡೆಯ ಎರಡು ಎಲಾಸ್ಟಿಕ್ ತುದಿಗಳನ್ನು ಹ್ಯಾಮಕ್ಕಿನ ಆ ಕಡೆಯ ಕೊಕ್ಕೆಗೆ, ಕಾಲಿನ ಕಡೆಯವನ್ನು ಈ ಕಡೆಗೆ ಸಿಕ್ಕಿಸಿದಾಗ, ಖಾಲಿ ಹ್ಯಾಮಕ್ಕಿಗೆ ಹೊದಿಕೆ ಮೆತ್ತಗೆ ತಾಗಿಕೊಂಡಿರಬೇಕು. ಒಬ್ಬರು ಮಲಗಿ ಇನ್ನೊಬ್ಬರು ಕೆಳಗಿನಿಂದ ಕೈಯಾಡಿಸಿ ನೋಡುವುದು ಉತ್ತಮ: ಹ್ಯಾಮಕ್ಕಿಗೂ ಹೊದಿಕೆಗೂ ನಡುವೆ ಅಂಗೈ ತಡೆಯಿಲ್ಲದೆ ಜಾರಬೇಕು, ಆದರೆ ಎಲ್ಲಿಯೂ ಪೊಳ್ಳು ಸಿಗಬಾರದು. ಪೊಳ್ಳಿದ್ದರೆ ಅಲ್ಲಿ ತಣ್ಣನೆಯ ಗಾಳಿ ಸುತ್ತುತ್ತದೆ. ಕೈ ತೂರದಷ್ಟು ಬಿಗಿದಿದ್ದರೆ ನಾರು ಚಪ್ಪಟೆಯಾಗಿ ಸ್ಲೀಪಿಂಗ್ ಬ್ಯಾಗಿನ ಕಥೆಯೇ ಇಲ್ಲೂ ನಡೆಯುತ್ತದೆ. ಹ್ಯಾಮಕ್ಕಿನಲ್ಲಿ ಬೆನ್ನು ನೇರವಾಗಿರಲು ಓರೆಯಾಗಿ ಮಲಗುವುದು ವಾಡಿಕೆ, ಆದ್ದರಿಂದ ಅಡಿಹೊದಿಕೆಯನ್ನೂ ಅದೇ ಓರೆಗೆ ಸರಿಸಿ, ಹೆಗಲಿನ ಕಡೆ ಮತ್ತೊಮ್ಮೆ ಪರೀಕ್ಷಿಸಬೇಕು. ಕೊನೆಗೆ ಗಿಡ್ಡ ಅಂಚಿನ ದಾರಗಳನ್ನು ಗಾಳಿ ನುಸುಳದಷ್ಟು ಮಾತ್ರ ಎಳೆಯುವುದು. ಪಾದಗಳ ಕೆಳಗೆ ಹಳೆಯ ಯೋಗ ಮ್ಯಾಟಿನ ತುಂಡೊಂದನ್ನು ಒಳಗೇ ಇಟ್ಟುಕೊಂಡರಾಯಿತು. ಬೆಂಕಿ ಹಾಕುವುದಾದರೆ ದೂರ. ಒಂದು ಕಿಡಿ ಬಿದ್ದರೂ ಈ ಬಟ್ಟೆಯಲ್ಲಿ ತೂತು.

ಕೊಳೆಯಾದರೆ ತಣ್ಣೀರಿನಲ್ಲಿ ಸೌಮ್ಯವಾದ ಸೋಪಿನಿಂದ ಕೈಯಲ್ಲೇ ತೊಳೆದು, ಹಿಂಡದೆ ನೆರಳಿನಲ್ಲಿ ಒಣಗಿಸಬೇಕು. ಪಾಲಿಯೆಸ್ಟರ್ ನಾರು ಬಹುಕಾಲ ಅದುಮಿಟ್ಟರೆ ಉಬ್ಬನ್ನು ಕಳೆದುಕೊಳ್ಳುವುದರಿಂದ, ಪ್ರವಾಸ ಮುಗಿದ ಮೇಲೆ ಅದನ್ನು ಚೀಲದಲ್ಲಿ ತುರುಕಿಡದೆ ಕಪಾಟಿನಲ್ಲಿ ಹ್ಯಾಂಗರಿಗೆ ತೂಗುಹಾಕಿ, ಮಳೆಗಾಲದಲ್ಲಿ ಬಿಸಿಲು ಬಂದ ದಿನ ಹೊರಗೆ ಹರವಿ ಗಾಳಿಯಾಡಿಸಬೇಕು.