ಬೆನ್ನ ಹಿಂದೆ ಆಡಿಕೊಂಡವರನ್ನು ಏನು ಮಾಡಬೇಕು? ಪ್ರಾರ್ಥನಾ ಕೂಟ ನಡೆಸುವವರಿಗೆ
ಹುಬ್ಬಳ್ಳಿ, ಬೆಟಗೇರಿ ಕಡೆ ಮನೆಯಲ್ಲೇ ಪ್ರಾರ್ಥನಾ ಕೂಟ ನಡೆಸುವವರಿಗೆ ಒಂದಲ್ಲ ಒಂದು ದಿನ ಇದು ಬಂದೇ ಬರುತ್ತದೆ: ಕೂಟದವರೇ ಯಾರೋ ಹಿಂದಿನಿಂದ ಮಾತಾಡುತ್ತಾರೆ. ಆಗ ಮೊದಲು ಬೈಬಲಿನ ಅರಣ್ಯಕಾಂಡದ 12ನೇ ಅಧ್ಯಾಯ ತೆಗೆಯಿರಿ. ಬರೀ 16 ವಚನ.

ಇಸ್ರಾಯೇಲ್ ಜನರನ್ನು ಅರಣ್ಯದ ದಾರಿಯಲ್ಲಿ ನಡೆಸುತ್ತಿದ್ದ ಮೋಶೆಯ ಸ್ವಂತ ಅಕ್ಕ ಮಿರ್ಯಾಮ, ಅಣ್ಣ ಆರೋನ ಸೇರಿಕೊಂಡು ಅವನ ಹೆಂಡತಿಯ ವಿಷಯ ಎತ್ತಿ ಆಡಿಕೊಳ್ಳುತ್ತಾರೆ, ದೇವರು ನಮ್ಮ ಮೂಲಕವೂ ಮಾತಾಡಿಲ್ವಾ ಅನ್ನುತ್ತಾರೆ. ಮೋಶೆ ತಿರುಗಿ ಒಂದು ಮಾತೂ ಆಡುವುದಿಲ್ಲ. ದೇವರು ಸಿಟ್ಟಾಗಿ ಮಿರ್ಯಾಮಳ ಮೈ ಕುಷ್ಠದಿಂದ ಹಿಮದಂತೆ ಬೆಳ್ಳಗಾದಾಗ 'ತಕ್ಕ ಶಾಸ್ತಿ ಆಯ್ತು' ಅನ್ನಲಿಲ್ಲ, ವಾಸಿಮಾಡು ಎಂದು ಅವಳಿಗಾಗಿ ದೇವರಿಗೆ ಮೊರೆಯಿಟ್ಟ. ಅವಳು 7 ದಿನ ಪಾಳೆಯದ ಹೊರಗಿದ್ದಳು, ಒಳಗೆ ಬರುವ ತನಕ ಜನರೆಲ್ಲ ಮುಂದೆ ಹೊರಡದೆ ಕಾದರು. ನನಗೆ ಜಾಸ್ತಿ ಇಷ್ಟವಾಗುವುದು ಈ ಕಾಯುವುದೇ.

ಹಾಗಾಗಿ ನೀವೂ ವಾಟ್ಸಾಪ್ ಗ್ರೂಪಿನಲ್ಲಿ ಉತ್ತರ ಕೊಡಲು ಹೋಗಬೇಡಿ. ಅವರಿಗಾಗಿ ಒಬ್ಬರೇ ಕೂತು ಪ್ರಾರ್ಥಿಸಿ (ಎಲ್ಲರ ಮುಂದೆ ಹೆಸರು ಹಿಡಿದರೆ ಅದು ಪ್ರಾರ್ಥನೆಯಲ್ಲ, ಮರ್ಯಾದೆ ತೆಗೆಯೋದು). ಅವರು ಬರುವುದು ಬಿಟ್ಟರೆ ಮನೆಗೆ ಹೋಗಿ ಸುಮ್ನೆ ಚಹಾ ಕುಡಿದು ಬನ್ನಿ, ಜಗಳದ ಮಾತು ನೀವಾಗಿ ಎತ್ತಬೇಡಿ. ಅವರು ಮಾಡುತ್ತಿದ್ದ ಕೆಲಸ, ಹಾಡು ಶುರು ಮಾಡುವುದೋ ಜಮಖಾನೆ ಹಾಸುವುದೋ, ಅವರಿಗೇ ಇರಲಿ.

ಇನ್ನು ಎಲ್ಲಾ ನಾನೇ ಮಾಡಬೇಕು ಅನ್ನೋ ಚಟ ಇದ್ದರೆ ವಿಮೋಚನಕಾಂಡ 18 ಓದಿ. ಬೆಳಗಿಂದ ಸಂಜೆ ತನಕ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ ಮುಖಕ್ಕೇ ಹೇಳಿದ, ಇದು ಸರಿಯಿಲ್ಲ, ಕೆಲಸ ಹಂಚು ಅಂತ. ಮೋಶೆ ಕೇಳಿದ. ಮುಂದಿನ ವಾರ ವಾಕ್ಯ ಓದುವುದನ್ನು ಈಗಲೇ ಬೇರೆ ಯಾರಿಗಾದರೂ ಕೊಡಿ.