ಐಹೊಳೆ ಶಾಸನದ ಲೇಖನಗಳನ್ನು ನಾನು ಹುಡುಕುವ ರೀತಿ

ಬಾಗಲಕೋಟೆ ಜಿಲ್ಲೆಯ ವಿಷಯ ತೆಗೆದುಕೊಂಡ ವಿದ್ಯಾರ್ಥಿ ‘ಗೂಗಲ್ ಸ್ಕಾಲರ್‌ನಾಗ ಏನೂ ಇಲ್ಲ ಸರ್’ ಅಂದರೆ, ಯಾವ ಹೆಸರು ಕೊಟ್ಟು ಹುಡುಕಿದ್ದಾರೆ ಅಂತ ಮೊದಲು ಕೇಳುತ್ತೇನೆ. ಈ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಲೇಖನಗಳಲ್ಲಿ ಐಹೊಳೆ ಬಿಜಾಪುರ ಜಿಲ್ಲೆಯಲ್ಲಿದೆ. ಶಾಸನತಜ್ಞ ಫ್ಲೀಟ್ 1870ರ ದಶಕದಲ್ಲಿ ಬರೆದ ಬರಹಗಳಲ್ಲಿ ಕಲಾದಗಿ ಜಿಲ್ಲೆಯಲ್ಲಿದೆ. ಬಿಜಾಪುರಕ್ಕೆ ‘ವಿಜಯಪುರ’ ಎಂಬ ಹೆಸರು ಅಧಿಕೃತವಾದದ್ದು 2014ರಲ್ಲಿ. ಹಾಗಾಗಿ ಊರಿನ ಹಳೆಯ, ಹೊಸ ಹೆಸರುಗಳನ್ನೆಲ್ಲ ಇಂಗ್ಲಿಷ್ ಕಾಗುಣಿತದಲ್ಲಿ ಬರೆದುಕೊಂಡು, ಒಂದೊಂದನ್ನೂ ಉದ್ಧರಣ ಚಿಹ್ನೆಯೊಳಗಿಟ್ಟು, ನಡುವೆ ‘ಆರ್’ (OR, ಅಂದರೆ ‘ಅಥವಾ’) ಎಂಬ ಪದವನ್ನು ದೊಡ್ಡಕ್ಷರಗಳಲ್ಲಿ ಹಾಕುತ್ತೇನೆ. ಛತ್ತೀಸಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. ಆ ರಾಜ್ಯದ ಹೆಸರಿಗೆ ಮೊದಲು ಅಂತರವಿಲ್ಲದೆ ಮೈನಸ್ ಚಿಹ್ನೆ ಹಚ್ಚಿದರೆ ಬೇಡದ ಎಷ್ಟೋ ಲೇಖನಗಳು ಬಿಟ್ಟುಹೋಗುತ್ತವೆ.

ಸಿಕ್ಕದ್ದೆಲ್ಲ ಒಂದೇ ತೂಕದ ಆಕರವಲ್ಲ. ಐಹೊಳೆಯ ಮೇಗುಟಿ ಗುಡಿಯ ಗೋಡೆಯ ಮೇಲೆ ಪುಲಕೇಶಿಯನ್ನು ಹೊಗಳಿ ಕವಿ ರವಿಕೀರ್ತಿ ಬರೆದ ಶಾಸನ, ಶಕ 556ರದ್ದು (ಕ್ರಿ.ಶ. 634-35), ಮೂಲ ಆಕರ. ಅದನ್ನು ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ 1876ರಲ್ಲಿ, ಮತ್ತೆ 1879ರಲ್ಲಿ ಪ್ರಕಟಿಸಿದರು. ಆಮೇಲೆ ವಿದ್ವಾಂಸ ಕೀಲ್‌ಹಾರ್ನ್ ಶಾಸನಗಳ ಸರಣಿಯಾದ ‘ಎಪಿಗ್ರಾಫಿಯಾ ಇಂಡಿಕಾ’ದ 6ನೇ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು. ಪಾಠ ಉಲ್ಲೇಖಿಸುವಾಗ ಯಾರ ಸಂಪಾದನೆ ಅಂತ ಹೇಳಲೇಬೇಕು, ಯಾಕೆಂದರೆ ಓದು ಬದಲಾಗಿರುತ್ತದೆ. ಪುಲಕೇಶಿಯ ಬಗ್ಗೆ ಇದನ್ನು ಆಧರಿಸಿ ಬಂದ ಲೇಖನ ದ್ವಿತೀಯಕ. ಗ್ಯಾಸೆಟಿಯರ್, ಅಂದರೆ ಜಿಲ್ಲೆಯ ಸರ್ಕಾರಿ ವಿವರಗ್ರಂಥ, ದಾರಿ ತೋರಿಸಲಿಕ್ಕಷ್ಟೇ ಸಾಕು.

ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳು ಅಧ್ಯಾಯವಾರು ಬೇರೆ ಬೇರೆ ಕಡತಗಳಾಗಿರುತ್ತವೆ. ನಾನು ಮೊದಲು ತೆಗೆಯುವುದು ಗ್ರಂಥಸೂಚಿಯ ಕಡತ, ಅರ್ಧ ಕೆಲಸ ಅಲ್ಲೇ ಆಗುತ್ತದೆ. ಕನ್ನಡ ಪ್ರಬಂಧಗಳಲ್ಲಿ ಒಂದು ತೊಂದರೆ ಇದೆ: ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದ್ದರೆ ಅಥವಾ ಬರೀ ಸ್ಕ್ಯಾನ್ ಆಗಿದ್ದರೆ ‘ಪುಲಕೇಶಿ’ ಅಂತ ಹೊಡೆದರೆ ಕಡತದೊಳಗೆ ಒಂದೂ ಸಿಗುವುದಿಲ್ಲ. ಪದ ಇಲ್ಲ ಅಂದುಕೊಂಡು ಮುಚ್ಚಬೇಡಿ, ಪುಟ ತಿರುವಿಯೇ ನೋಡಬೇಕು. ಶೀರ್ಷಿಕೆಯನ್ನೂ ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲೊಮ್ಮೆ ಹುಡುಕಿ.

ಸಂಶೋಧನಾ ಪತ್ರಿಕೆಗಳ ಆನ್‌ಲೈನ್ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಹಳೆಯ ಸಂಚಿಕೆಗಳೇ ಹೆಚ್ಚು. ಎಷ್ಟೋ ಪತ್ರಿಕೆಗಳ ಇತ್ತೀಚಿನ 3ರಿಂದ 5 ವರ್ಷದ ಲೇಖನಗಳು ಅಲ್ಲಿರುವುದಿಲ್ಲ. ಹೊಸದಕ್ಕೆ ಕಾಲೇಜು ಗ್ರಂಥಾಲಯದಲ್ಲಿ ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಕೊಡುವ ಸೇವೆ) ಲಾಗಿನ್ ಕೇಳಿ ಪಡೆಯಿರಿ. ಐಎಸ್‌ಎಸ್‌ಎನ್ ಇದ್ದರೆ ಒಳ್ಳೆಯ ಪತ್ರಿಕೆ ಅಂತ ನಂಬಬೇಡಿ, ಅದು ಪತ್ರಿಕೆಯನ್ನು ಗುರುತಿಸುವ 8 ಅಂಕಿಯ ಸಂಖ್ಯೆಯಷ್ಟೇ.

ಸ್ಕ್ಯಾನ್ ಆದ ಹಳೆಯ ಸಂಪುಟಗಳಲ್ಲಿ ಪರದೆ ತೋರಿಸುವ ಪುಟಸಂಖ್ಯೆ ಬೇರೆ, ಅಚ್ಚಾದ ಪುಟಸಂಖ್ಯೆ ಬೇರೆ. ಅಡಿಟಿಪ್ಪಣಿಗೆ ಅಚ್ಚಾದದ್ದನ್ನೇ ಬರೆದುಕೊಳ್ಳಿ.